ಕನ್ನಡದ ಬದಿಯ ಗೆರೆ

ಗುರುವಾರ ಬಂತೆಂದರೆ ಶಮೀಮ್ ಭದ್ರಾವತಿಯ ಬಸ್ಸು ಹತ್ತುವಳು. ವಿನೋಬನಗರ, ವಿದ್ಯಾನಗರದ ಮನೆಗಳಿಂದ ವಾರವಿಡೀ ಕೂಡಿಸಿದ ಸೀರೆಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತರೆ ಮುಕ್ಕಾಲು ಗಂಟೆ ಅವಳನ್ನು ಯಾರೂ ಏನೂ ಕೇಳುವಂತಿಲ್ಲ. ರವಿಕೆ ಹೊಲಿಯುವುದು, ಫಾಲ್ಸ್ ಹಚ್ಚುವುದು ಅವಳ ಪಾಲಿನ ಕೆಲಸ. ಸೆರಗಿಗೆ ಕುಚ್ಚು ಕಟ್ಟುವುದು ಭದ್ರಾವತಿಯ ಎಸ್ತರಮ್ಮನದು. ಹನ್ನೊಂದು ವರ್ಷದಿಂದ ಇಬ್ಬರ ಜೋಡಿ ಹೀಗೇ ನಡೆದಿತ್ತು.

ಎಸ್ತರಮ್ಮನ ಗಂಡ ದೇವಸಹಾಯಂ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು. ಮನೆ ಇನ್ನೂ ಕಾರ್ಖಾನೆಯ ಹಳೇ ಕ್ವಾರ್ಟರ್ಸಿನಲ್ಲೇ. ಶಮೀಮ್ ಬರುವ ದಿನ ಅಲ್ಲಿ ಮೀನಿನ ಸಾರು. ಮಾಂಸವಾದರೆ ಹಲಾಲೋ ಅಲ್ಲವೋ ಎಂಬ ತಾಪತ್ರಯ. ಮೀನಿಗೆ ಆ ಪಂಚಾಯ್ತಿ ಇಲ್ಲ.

ಅವತ್ತೂ ಊಟವಾಯಿತು. ತಟ್ಟೆ ತೊಳೆದಿಟ್ಟು ಬಂದ ಎಸ್ತರಮ್ಮ ದಾರದ ಉಂಡೆಗಳ ಮಧ್ಯದಿಂದ ಕಪ್ಪು ರಟ್ಟಿನ ದಪ್ಪ ಪುಸ್ತಕ ಎಳೆದು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ಲಿನಿಂದ ಒಂದು ಸಾಲಿನ ಕೆಳಗೆ ಗೆರೆ ಎಳೆದಳು. ಶಮೀಮಳ ಕೈಯಲ್ಲಿದ್ದ ಸೀರೆ ಜಾರಿತು.

"ಅಯ್ಯೋ ಎಸ್ತರಕ್ಕ! ದೇವರ ಪುಸ್ತಕದ ಮೇಲೆ ಗೆರೆ ಎಳೀತಿದೀರಲ್ಲ!"

"ಎಳೀದೆ ಇದ್ರೆ ಮರ್ತುಹೋಗಲ್ವೇನಮ್ಮ? ನೋಡಿಲ್ಲಿ, ಇದು ನಮ್ಮ ದೊಡ್ಡೋನಿಗೆ ಟೈಫಾಯ್ಡ್ ಆದಾಗ ಓದಿದ್ದು. ಇದು ಅತ್ತೆ ತೀರಿಹೋದ ವರ್ಷ. ಮೊದಲ ಹಾಳೇಲಿ ಮಕ್ಕಳು ಹುಟ್ಟಿದ ತಾರೀಕೆಲ್ಲ ಬರ್ದಿದೀನಿ."

"ನಮ್ಮನೇಲಿ ಕುರಾನ್ ಬೀರು ಮೇಲೆ, ಬಟ್ಟೇಲಿ ಸುತ್ತಿ. ಕೈಕಾಲು ಮುಖ ತೊಳೆದು ವಜೂ ಮಾಡ್ದೆ ಮುಟ್ಟಲ್ಲ. ಅದರ ಕಡೆ ಕಾಲು ಚಾಚಲ್ಲ."

"ಓದೋದಾದ್ರೂ ಓದ್ತೀಯೋ, ಬೀರು ಮೇಲೇ ಇರ್ತದೋ?"

"ಹನ್ನೊಂದು ಸಲ ಪೂರ್ತಿ ಮುಗಿಸಿದೀನಿ ಅಕ್ಕ. ಓಣಿ ಹುಡುಗೀರಿಗೆಲ್ಲ ನಾನೇ ಕಲಿಸೋದು."

"ಹೌದಾ! ಏನು ಬರ್ದಿದೆ ಅದ್ರಲ್ಲಿ?"

ಶಮೀಮ್ ಜಾರಿದ ಸೀರೆಯನ್ನು ಮಡಿಸಿದಳು. ಮತ್ತೆ ಬಿಚ್ಚಿ ಮಡಿಸಿದಳು. "ಅರಬ್ಬಿ ಅಲ್ವಾ ಅದು. ಅಲ್ಲಾಹ್ ಆಡಿದ ಮಾತು ಆಡಿದ ಹಾಗೇ ಇದೆ. ಕನ್ನಡಕ್ಕೆ ಹಾಕಿದ್ರೆ ಅದು ಬರೀ ಅರ್ಥ, ಕುರಾನ್ ಅಲ್ಲ. ಓದಿದ್ರೇ ಪುಣ್ಯ. ಅರ್ಥ ಹೇಳೋಕೆ ಓದಿದೋರು ಇದಾರೆ."

"ನಮ್ಮದು ಹಂಗಲ್ಲ ನೋಡು. ತಮಿಳಲ್ಲಿದ್ರೂ ಬೈಬಲ್ಲೇ, ಕನ್ನಡದಲ್ಲಿದ್ರೂ ಬೈಬಲ್ಲೇ. ದೇವರು ಬರೆಸಿದ, ಮನುಷ್ಯರು ಬರೆದ್ರು. ಯೇಸುವಿನ ಒಂದೇ ಕತೇನ ನಾಲ್ಕು ಜನ ನಾಲ್ಕು ಥರ ಬರ್ದಿದಾರೆ."

"ನಾಲ್ಕು ಥರ ಇದ್ರೆ ಯಾವುದು ನಿಜ?"

"ನಾಲ್ಕೂ. ನಿನ್ನ ಮದುವೆ ಕತೆ ನೀನು ಹೇಳೋದೇ ಬೇರೆ, ನಿಮ್ಮತ್ತೆ ಹೇಳೋದೇ ಬೇರೆ ಅಲ್ವಾ ಮಾರಾಯ್ತಿ? ಮದುವೆ ಆಗಿದ್ದು ಸುಳ್ಳಾ?"

ಇಬ್ಬರೂ ನಕ್ಕರು. ಆದರೆ ಹಿಂತಿರುಗುವಾಗ ಬಸ್ಸಿನಲ್ಲಿ ಶಮೀಮ್‌ಗೆ ಆ ಪ್ರಶ್ನೆ ಮೀನಿನ ಮುಳ್ಳಿನಂತೆ ಗಂಟಲಲ್ಲೇ ಇತ್ತು. ಏನು ಬರ್ದಿದೆ ಅದ್ರಲ್ಲಿ?

ಮನೆಯಲ್ಲಿ ಮದುವೆಯ ಗಡಿಬಿಡಿ. ಒಬ್ಬಳೇ ಮಗಳು ಫಲಕ್‌ಗೆ ಭದ್ರಾವತಿಯ ಹುಡುಗ ಅಫ್ನಾನ್ ಗೊತ್ತಾಗಿದ್ದ. ಫ್ರಿಜ್ಜು, ಎಸಿ ರಿಪೇರಿಯ ಸ್ವಂತ ಅಂಗಡಿಯವನು. ನಿಕಾಹ್‌ಗೆ ಇನ್ನೇಳು ವಾರ. ಮೆಹರ್ ಎಂದು, ಅಂದರೆ ಗಂಡು ಹೆಣ್ಣಿಗೆ ಕೊಡಲೇಬೇಕಾದದ್ದೆಂದು, ಎರಡು ಬಂಗಾರದ ಬಳೆ ಮಾತಾಗಿತ್ತು. ಇಪ್ಪತ್ತಾರು ವರ್ಷದ ಹಿಂದೆ ಶಮೀಮ್‌ಗೆ ಮಾತಾಗಿದ್ದೂ ಎರಡು ಬಳೆಯೇ. ಅದು ಅವಳ ಕೈಯಲ್ಲಿದ್ದದ್ದು ಒಂದೇ ದಿನ.

ಅರ್ಥ ಇರುವ ಕುರಾನ್ ತಂದವಳು ಫಲಕ್. ತಾಯಿ ಅನ್ನ ಬಸಿಯುತ್ತಾ ಎಸ್ತರಮ್ಮನ ಮಾತು ಹೇಳಿದ್ದೇ ತಡ, ಮರುದಿನವೇ ಗೆಳತಿಯ ಮನೆಯಿಂದ ಹಿಡಿದು ಬಂದಳು. ಬಲಬದಿಗೆ ಅರಬ್ಬಿ, ಎಡಬದಿಗೆ ಕನ್ನಡ.

ಮಂಚದ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆ ಖೈರುನ್ನೀಸಾ ಕುಟ್ಟಾಣಿ ನಿಲ್ಲಿಸಿದರು. "ಏನದು? ಕನ್ನಡದ ಕುರಾನಾ? ಇನ್ನು ಕುಚ್ಚು ಕಟ್ಟೋರ ಥರ ಇವಳೂ ಮೊಳಕಾಲ ಮೇಲಿಟ್ಕೊಂಡು ಓದ್ತಾಳೆ ನೋಡು."

"ದಾದಿ, ಅಮ್ಮಿ ವಜೂ ಮಾಡೇ ಓದ್ತಾರೆ ಬಿಡಿ," ಎಂದಳು ಫಲಕ್ ಅಜ್ಜಿಗೆ.

"ನಾನು ಎಪ್ಪತ್ತು ವರ್ಷ ಅರ್ಥ ಇಲ್ದೇ ಓದಿದೆ. ನನಗೇನು ಕಮ್ಮಿ ಆಯ್ತು?"

ಶಮೀಮಳ ಗಂಡ ಸನಾವುಲ್ಲಾ ಲಾರಿ ಗ್ಯಾರೇಜಿನ ಗೇರ್‌ಬಾಕ್ಸ್ ಮೇಸ್ತ್ರಿ. ಗ್ರೀಸು ಕೂತ ಬೆರಳುಗಳನ್ನು ಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದೇ ಪ್ರತಿ ಬೆಳಗಿನ ನಮಾಜಾದ ಮೇಲೆ ಕುರಾನಿನ ಉರ್ದು ವ್ಯಾಖ್ಯಾನದ ಒಂದು ಪುಟ ಓದುವ ಮನುಷ್ಯ. ಓಣಿಯವರು ಸಣ್ಣಪುಟ್ಟ ಸಂಶಯಕ್ಕೆ ಅವನನ್ನೇ ಕೇಳುತ್ತಿದ್ದರು. ಅವನು ನಕ್ಕ. "ಓದ್ಲಿ ಅಮ್ಮಾ, ಒಳ್ಳೇದೇ. ತಿಳೀದಿದ್ರೆ ನನ್ನ ಕೇಳು ಶಮೀಮ್. ನೀನಾಗೇ ಅರ್ಥ ಕಟ್ಕೋಬೇಡ."

ಅವಳು ಮಧ್ಯಾಹ್ನ ಊಟದ ಮೇಲೆ ನಾಲ್ಕೈದು ಪುಟ ಓದಿದಳು. ಸುಮಾರು ಮೂರನೇ ವಾರಕ್ಕೆ ನಾಲ್ಕನೇ ಅಧ್ಯಾಯ ಬಂತು. ಅರಬ್ಬಿಯಲ್ಲಿ ಅದು ಅವಳ ನಾಲಿಗೆಗೆ ಬಾಯಿಪಾಠ. ಹುಡುಗಿಯರು ತಪ್ಪಿದರೆ ಒಲೆಯ ಮುಂದೆ ಕೂತೇ ತಿದ್ದುತ್ತಿದ್ದಳು. ಅವತ್ತು ಎಡಬದಿ ಓದಿದಳು. ಹೆಂಗಸರಿಗೆ ಅವರ ಮೆಹರನ್ನು ಸಂತೋಷದಿಂದ ಕೊಟ್ಟುಬಿಡಿ ಎಂದಿತ್ತು.

ಕೊಟ್ಟುಬಿಡಿ. ಗಂಡಸರಿಗೆ ಹೇಳಿದ ಮಾತು.

ಇಪ್ಪತ್ತಾರು ವರ್ಷದ ಹಿಂದಿನ ರಾತ್ರಿ ಇದೇ ಅತ್ತೆ ಅವಳ ತಲೆ ಸವರಿ ಹೇಳಿದ್ದರು: "ಮೆಹರ್ ಮಾಫ್ ಮಾಡಿಬಿಡು ಮಗಳೇ. ಒಳ್ಳೇ ಹೆಂಡತಿ ಅದನ್ನ ಇಟ್ಕೊಳ್ಳಲ್ಲ. ಕಿತಾಬಲ್ಲೇ ಬರ್ದಿದೆ." ಹತ್ತೊಂಬತ್ತರ ಹುಡುಗಿ. ಕಿತಾಬಲ್ಲೇ ಬರೆದಿದೆ ಎಂದರೆ ಮುಗಿಯಿತು. ಗಂಡನ ಮುಂದೆ ಕೂತು "ಖುಷಿಯಿಂದ ಮಾಫ್ ಮಾಡ್ದೆ" ಎಂದು ಬಳೆ ಕಳಚಿಟ್ಟಳು. ಮರುತಿಂಗಳು ನಾದಿನಿಯ ಮದುವೆಯಲ್ಲಿ ಆ ಬಳೆ ನಾದಿನಿಯ ಕೈಯಲ್ಲಿದ್ದವು.

ಹೊಲಿಗೆ ಯಂತ್ರದ ಪಕ್ಕದಲ್ಲಿ ರವಿಕೆಯ ಅಳತೆ ಬರೆಯುವ ಪೆನ್ಸಿಲ್ ಇತ್ತು. ಶಮೀಮ್ ಅತ್ತಿತ್ತ ನೋಡಿ ಆ ಸಾಲಿನ ಕೆಳಗೆ ಗೆರೆ ಎಳೆದಳು. ಅರಬ್ಬಿಯ ಬದಿಗೆ ಪೆನ್ಸಿಲಿನ ನೆರಳೂ ಬೀಳದಂತೆ, ಕನ್ನಡದ ಬದಿಗೆ ಮಾತ್ರ.

ರಾತ್ರಿಯ ಊಟಕ್ಕೆ ಗಂಡನಿಗೆ ಬಡಿಸುತ್ತಾ ಕೇಳಿದಳು. "ಏನ್ರೀ, ಮೆಹರ್ ಮಾಫ್ ಮಾಡ್ಬೇಕು ಅಂತ ಕಿತಾಬಲ್ಲಿ ಎಲ್ಲಿದೆ?"

ಸನಾವುಲ್ಲಾ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಲಿಲ್ಲ. "ಮಾಡ್ಬೇಕು ಅಂತ ಇಲ್ಲ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮದ್ರಸಾದಲ್ಲಿ ಓದುವಾಗಿಂದ. ಇದೆಂಥ ಪ್ರಶ್ನೆ?"

"ಅವತ್ತು ಯಾಕೆ ಹೇಳ್ಲಿಲ್ಲ?"

"ಹೇಳೋಕೇನಿತ್ತು? ನೀನೇ ಖುಷಿಯಿಂದ ಅಂದೆ. ಮುಂದಿನ ಮಾತೂ ಓದು. ಅವರಾಗಿಯೇ ಮನಸಾರೆ ಏನಾದ್ರೂ ಬಿಟ್ಟುಕೊಟ್ರೆ ನೀವು ಅನುಭವಿಸಬಹುದು ಅಂತ ಇದೆ. ಓದಿದೋರೆಲ್ಲ ಅದನ್ನ ಒಪ್ತಾರೆ."

"ಮನಸಾರೆ! ಅಮ್ಮ ಬಂದು ಕಿತಾಬಲ್ಲಿದೆ ಅಂದ್ರು. ನಿಮ್ಮ ಕಿವಿಗೂ ಬಿದ್ದಿತ್ತು. ಅಲ್ಲ ಅಮ್ಮಾ, ಅದು ಹಂಗಿಲ್ಲ ಅಂತ ಒಂದು ಮಾತು ಅನ್ಬಹುದಿತ್ತಲ್ಲ ನೀವು?"

"ತಂಗಿ ಮದುವೆ ಇತ್ತು ಶಮೀಮ್."

"ಹಂಗಂತ ಕೇಳಿದ್ರೆ ಕೊಡ್ತಿದ್ದೆ. ತಂಗಿ ಮದುವೆಗೆ ಬೇಕು ಅಂತ ಕೇಳಿದ್ರೆ ಎರಡೂ ಕೈ ಚಾಚಿ ಕೊಡ್ತಿದ್ದೆ. ಅಲ್ಲಾಹ್ ಹೆಸರು ಯಾಕೆ ಹೇಳಿದ್ರಿ?"

ಮಂಚದಿಂದ ಅತ್ತೆಯ ದನಿ ಏರಿತು. "ನಾನೇನು ಓದಿದೋಳಾ? ನಮ್ಮತ್ತೆ ನನಗೆ ಹೇಳಿದ್ಲು, ನಾನು ನಿನಗೆ ಹೇಳಿದೆ. ನಾನೂ ಕೊಟ್ಟೆ. ನಗ್ತಾ ನಗ್ತಾ ಕೊಟ್ಟೆ! ನಿನ್ನ ಹಾಗೆ ಕಾಲು ಶತಮಾನ ಆದ್ಮೇಲೆ ಲೆಕ್ಕ ಕೇಳ್ತಾ ಕೂರ್ಲಿಲ್ಲ."

ಶಮೀಮ್ ಗಂಡನ ತಟ್ಟೆಗೆ ಸಾರು ಹಾಕದೆ ಪಾತ್ರೆಯನ್ನೇ ಮುಂದೆ ತಳ್ಳಿದಳು. "ಬಡಿಸ್ಕೊಳ್ಳಿ."

ಆ ದಿನದಿಂದ ಅವನಿಗೆ ಅವಳು ಕೈಯಾರೆ ಬಡಿಸಲಿಲ್ಲ. ಅಡುಗೆಯಾಗುತ್ತಿತ್ತು, ಬುತ್ತಿ ಕಟ್ಟಿರುತ್ತಿತ್ತು, ಗ್ಯಾರೇಜಿನ ಬಟ್ಟೆ ಸೋಡಾದಲ್ಲಿ ನೆನೆದಿರುತ್ತಿತ್ತು. ಬಡಿಸುವುದೊಂದು ನಿಂತಿತ್ತು.

ಮುಂದಿನ ಗುರುವಾರ ಎಸ್ತರಮ್ಮನ ಮುಂದೆ ಎಲ್ಲ ಸುರಿದಳು. "ನಿಮ್ಮದೇ ಸರಿ ಎಸ್ತರಕ್ಕ. ನಿಮ್ಮ ಭಾಷೇಲೇ ಇತ್ತು. ನಿಮಗೆ ಯಾರೂ ಸುಳ್ಳು ಹೇಳೋಕಾಗಲ್ಲ."

ಎಸ್ತರಮ್ಮ ಕುಚ್ಚಿನ ಗಂಟು ಬಿಗಿದು ದಾರ ಕಚ್ಚಿ ತುಂಡರಿಸಿದಳು. ಹೊರಗೆ ದೇವಸಹಾಯಂ ರೇಡಿಯೋ ಹಾಕಿಕೊಂಡಿದ್ದರು. ಅವಳು ದನಿ ತಗ್ಗಿಸಿದಳು.

"ನಾನು ಟೈಪಿಂಗ್ ಸೀನಿಯರ್ ಪಾಸು ಗೊತ್ತಾ ನಿನಗೆ? ಕಾರ್ಖಾನೆ ಆಫೀಸಲ್ಲೇ ಕೆಲಸಕ್ಕೆ ಕಾಗದ ಬಂದಿತ್ತು. ಇವರು ಬೇಡ ಅಂದ್ರು. ನಾನು ಹಟ ಮಾಡ್ದೆ. ಆಗಿನ ಪಾಸ್ಟರು ಮನೆಗೆ ಬಂದು ಓದಿದ್ರು, ಹೆಂಡತಿ ಗಂಡನಿಗೆ ಅಧೀನಳಾಗಿರ್ಬೇಕು ಅಂತ. ಪೌಲನ ಪತ್ರದಲ್ಲಿದೆ. ನಾನೇ ಗೆರೆ ಎಳೆದೆ ಅದರ ಕೆಳಗೆ. ಕಾಗದ ಹರಿದು ಒಲೆಗೆ ಹಾಕ್ದೆ."

"ಮತ್ತೆ?"

"ಹೋದ ವರ್ಷ ಸಭೆಗೆ ಹೊಸ ಪಾಸ್ಟರಮ್ಮ ಬಂದ್ರು. ಹೆಂಗಸು, ಚಿಕ್ಕ ವಯಸ್ಸು. ಅವರು ಒಂದು ಸಾಲು ಮೇಲಿಂದ ಓದಿದ್ರು." ಎಸ್ತರಮ್ಮ ಪುಟ ತೆಗೆದು ತೋರಿಸಿದಳು. "ಇಲ್ಲಿ. ಒಬ್ಬರಿಗೊಬ್ಬರು ತಗ್ಗಿ ನಡೀರಿ ಅಂತ ಇದೆ, ಇಬ್ಬರಿಗೂ. ಅದಾದ್ಮೇಲೆ ಹೆಂಡತಿ ಮಾತು. ಆಮೇಲೆ ಗಂಡ ತನ್ನ ಮೈಯನ್ನ ನೋಡ್ಕೊಂಡ ಹಾಗೆ ಹೆಂಡ್ತೀನ ನೋಡ್ಕೋಬೇಕು ಅಂತ. ಗಂಡಂದಿರ ಪಾಲಿಗೇ ಜಾಸ್ತಿ ಬರ್ದಿರೋದು. ಆದರೆ ಅಚ್ಚು ಹಾಕಿದೋರು ನಡುವೆ ದಪ್ಪಕ್ಷರದಲ್ಲಿ ಹೊಸ ತಲೆಬರಹ ಹಾಕಿದಾರೆ ನೋಡು. ಮೂವತ್ತು ವರ್ಷ ನಾನು ತಲೆಬರಹದಿಂದ ಕೆಳಗೇ ಓದಿದೆ. ಕಣ್ಣಿತ್ತು, ಕನ್ನಡ ಬರ್ತಿತ್ತು. ಮೇಲಿನ ಸಾಲು ಕಾಣ್ಲೇ ಇಲ್ಲ."

"ಯಜಮಾನರಿಗೆ ಹೇಳಿದ್ರಾ?"

"ಹೇಳ್ದೆ. ಈಗ ಟೈಪಿಂಗ್ ಮಷಿನ್ನೇ ಇಲ್ವಲ್ಲೇ ಅಂದ್ರು." ಎಸ್ತರಮ್ಮ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ನಿನ್ನ ಮಗಳಿಗೆ ಈಗಲೇ ಹೇಳಿಬಿಡು ಶಮೀಮಾ. ಬಾಗಿಲು ದಾಟಿದ ಮೇಲೆ ಹೇಳ್ಬೇಡ."

ಅವತ್ತೇ ಸಂಜೆ ಫಲಕ್‌ಳನ್ನು ಅಡುಗೆಮನೆಗೆ ಕರೆದು ಶಮೀಮ್ ಎಲ್ಲ ಹೇಳಿದಳು. "ಬಳೆ ನಿನ್ನವು. ಅತ್ತೆ ಕೇಳ್ಲಿ, ಅವನೇ ಕೇಳ್ಲಿ, ಮಾಫ್ ಅನ್ನೋ ಮಾತು ನಿನ್ನ ಬಾಯಲ್ಲಿ ಬರ್ಬಾರ್ದು. ನನ್ನ ಕೈ ಮುಟ್ಟಿ ಹೇಳು."

"ಅಮ್ಮಿ, ನಾನು ಬಿಕಾಂ ಓದಿರೋಳು. ನಿನ್ನ ಕಾಲ ಅಲ್ಲ ಇದು," ಎಂದು ಫಲಕ್ ಹಿಟ್ಟಿನ ಕೈಯನ್ನೇ ತಾಯಿಯ ಅಂಗೈ ಮೇಲಿಟ್ಟಳು. "ಕೊಟ್ಟೆ ಮಾತು. ಸಾಕಾ?"

ಶಮೀಮ್‌ಗೆ ಅಷ್ಟು ಸಾಕಿತ್ತು. ತನ್ನದು ಹೋದರೆ ಹೋಗಲಿ, ಈ ಹಗ್ಗ ಮಗಳ ಕೊರಳಿಗೆ ಬೀಳದಿದ್ದರೆ ಸಾಕಿತ್ತು.

ನಿಕಾಹ್‌ಗೆ ಹತ್ತು ದಿನ ಇರುವಾಗ ಗಂಡಿನ ಮನೆಯ ಹೆಂಗಸರು ಬಂದು ಬಿರಿಯಾನಿ ಉಂಡು, ಬಟ್ಟೆ ನೋಡಿ ಹೋದರು. ಮರುದಿನ ಶಮೀಮ್ ಪುಸ್ತಕ ತೆಗೆದರೆ ಗೆರೆ ಇಲ್ಲ. ಉಜ್ಜಿದ ಜಾಗದಲ್ಲಿ ಕಾಗದ ನವಿರೆದ್ದಿತ್ತು. ಪುಟಗಳ ನಡುವೆ ರಬ್ಬರಿನ ಕಪ್ಪು ಪುಡಿ.

ಗ್ಯಾರೇಜಿಗೆ ಹೊರಟ ಗಂಡನ ಮುಂದೆ ಪುಸ್ತಕ ಹಿಡಿದಳು. "ಸುಳ್ಳು ಹೇಳಿದ್ದಾಯ್ತು. ಈಗ ಅಳಿಸೋದೂ ಶುರುವಾಯ್ತಾ?"

"ನಾನಲ್ಲ."

"ಅಮ್ಮನ ಕಣ್ಣಿಗೆ ಪೆನ್ಸಿಲ್ ಗೆರೆ ಕಾಣಲ್ಲ. ಮತ್ಯಾರು, ಜಿನ್ನು ಬಂದು ಅಳಿಸ್ತಾ?"

"ಗೆರೆ ಎಳೀಬಾರ್ದಿತ್ತು, ಅದು ನಿಜ. ಆದ್ರೆ ಅಳಿಸಿದ್ದು ನಾನಲ್ಲ ಶಮೀಮ್. ಕುರಾನ್ ಮುಟ್ಟಿ ಕಸಮ್ ಬೇಕಾದ್ರೆ..."

"ಬೇಡ. ಅದರ ಮೇಲೆ ಕೈಯಿಟ್ಟು ಇನ್ನೊಂದು ಸುಳ್ಳು ಬೇಡ."

ಅವನು ಬುತ್ತಿಯನ್ನು ಅಲ್ಲೇ ಬಿಟ್ಟು ಹೋದ.

ಮದುವೆ ಸಾಂಗವಾಗಿ ನಡೆಯಿತು. ಬೀಳ್ಕೊಡುವಾಗ ಫಲಕ್‌ಳ ಗೋರಂಟಿ ಹಚ್ಚಿದ ಕೈಯಲ್ಲಿ ಎರಡು ಬಳೆ ಗಾಜಿನ ಬಳೆಗಳ ನಡುವೆ ಹೊಳೆಯುತ್ತಿದ್ದವು. ಅಳುತ್ತಳುತ್ತಲೇ ಶಮೀಮ್ ಅವನ್ನು ಮುಟ್ಟಿ ನೋಡಿದಳು.

ಮದುವೆಯಾದ ಮೇಲಿನ ಐದು ಶುಕ್ರವಾರ ಮಗಳು ಅಳಿಯನನ್ನು ತವರಿಗೆ ಕರೆದು ಉಣಿಸುವ ಪದ್ಧತಿ, ಜುಮಗಿ. ಎರಡನೇ ಜುಮಗಿಯ ದಿನ ಊಟ ಮುಗಿದು ಅಫ್ನಾನ್ ಮಾವನೊಂದಿಗೆ ಹೊರಗೆ ಕೂತಿದ್ದ. ಫಲಕ್ ತೋಳು ಮೇಲೇರಿಸಿ ಪಾತ್ರೆಗೆ ಕೈ ಹಾಕಿದಳು. ಗಾಜಿನ ಬಳೆಗಳಿದ್ದವು. ನಡುವೆ ಖಾಲಿ.

"ಬಳೆ ಎಲ್ಲಿ?"

"ಒಳಗಿಟ್ಟಿದೀನಿ."

"ಎಲ್ಲಿ ಒಳಗೆ?"

ಫಲಕ್ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. ನೀರಿನ ಸದ್ದಿನಲ್ಲೇ ಹೇಳಿದಳು. "ಅಫ್ನಾನ್‌ಗೆ ಮಾಫ್ ಮಾಡ್ದೆ ಅಮ್ಮಿ."

ಶಮೀಮ್ ನಲ್ಲಿ ನಿಲ್ಲಿಸಿದಳು. "ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ. ನಿಜವಾಗ್ಲೂ. ಅತ್ತೆ ಏನೋ ಕತೆ ಹೇಳ್ತಾ ಕೂತಿದ್ರು, ಅವರು ಮಾಫ್ ಮಾಡಿದ್ದು, ಅವರತ್ತೆ ಮಾಡಿದ್ದು. ಆಮೇಲೆ ಎದ್ದು ಹೋದ್ರು. ನಾನೇ ಕೊಟ್ಟೆ. ಖುಷಿಯಿಂದ ಕೊಟ್ಟೆ."

ಖುಷಿಯಿಂದ. ಇಪ್ಪತ್ತಾರು ವರ್ಷದ ಹಿಂದಿನ ತನ್ನದೇ ದನಿ ತಿರುಗಿ ಬಂದು ಅಡುಗೆಮನೆಯಲ್ಲಿ ನಿಂತಂತಾಯಿತು.

"ಕೈ ಮುಟ್ಟಿ ಹೇಳಿದ್ದೆ ಫಲಕ್."

"ಕಿತಾಬಲ್ಲೇ ಇದೆಯಲ್ಲ ಅಮ್ಮಿ, ಮನಸಾರೆ ಬಿಟ್ಟುಕೊಟ್ರೆ ಆಗ್ತದೆ ಅಂತ. ನೀನು ಮೊದಲ ಸಾಲಿಗಷ್ಟೇ ಗೆರೆ ಎಳೆದಿದ್ದೆ. ಅದರ ಮುಂದೂ ಇದೆ."

"ಗೆರೆ ನೀನು ಯಾವಾಗ ನೋಡಿದೆ?"

ಫಲಕ್ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದಳು. "ನಾನೇ ಅಳಿಸಿದ್ದು. ಅವರ ಮನೆಯೋರು ಬರೋ ದಿನ. ಪುಸ್ತಕ ತೆಗೆದು ಕಣ್ಣಿಗೆ ಬಿದ್ರೆ ಏನಂದ್ಕೊಳ್ತಾರೋ ಅಂತ ಭಯ ಆಯ್ತು."

ಹೊರಗಿನಿಂದ ಸನಾವುಲ್ಲಾನ ನಗು ಕೇಳಿಸಿತು, ಅಳಿಯನಿಗೆ ಯಾವುದೋ ಲಾರಿಯ ಕತೆ ಹೇಳುತ್ತಿದ್ದ. ಈ ಒಂದು ತಪ್ಪು ಅವನದಾಗಿರಲಿಲ್ಲ. ಆದರೂ ಶಮೀಮಳ ಕಾಲು ಹೊರಗಿನ ಕಡೆಗೆ ಏಳಲಿಲ್ಲ. ಗಂಡನ ಮೋಸ ತಿಳಿದಾಗ ಮಗಳಿದ್ದಳು. ಈಗ ಯಾರ ಹತ್ತಿರ ಹೋಗುವುದು?

"ಅಮ್ಮಿ, ಬೈದುಬಿಡು ಒಂದ್ಸಲ."

"ತಟ್ಟೆ ಒರಸಿಡು," ಎಂದಳು ಶಮೀಮ್. "ಬಸ್ಸಿಗೆ ಹೊತ್ತಾಗ್ತದೆ ನಿಮಗೆ."

ಮರುದಿನ ಸಂಜೆ ಎಂದಿನಂತೆ ಓಣಿಯ ಎಂಟು ಹುಡುಗಿಯರು ದುಪಟ್ಟಾ ಸುತ್ತಿಕೊಂಡು ಚಾಪೆಯ ಮೇಲೆ ಕೂತರು. ಹತ್ತು ವರ್ಷದ ಸಿದ್ರಾ ಎಲ್ಲರಿಗಿಂತ ಮುಂದಿದ್ದಳು. ನಾಲ್ಕನೇ ಅಧ್ಯಾಯದ ಮೊದಲ ಪುಟ. ಸರಾಗ ಓದುತ್ತಾ ಆ ಜಾಗಕ್ಕೆ ಬಂದಳು. ವಾಕ್ಯದ ನಡುವೆ ಉಸಿರೆಳೆದುಕೊಳ್ಳಬಹುದಾದ ಕಡೆ ಒಂದು ಸಣ್ಣ ಗುರುತಿರುತ್ತದೆ. ಶಮೀಮ್ ಅಲ್ಲಿ ಬೆರಳಿಟ್ಟಳು.

"ನಿಲ್ಲು. ಇದರ ಅರ್ಥ ಗೊತ್ತಾ?"

ಹುಡುಗಿಯರು ಮುಖ ಮುಖ ನೋಡಿಕೊಂಡರು. ಓದು ಕಲಿಸುವ ಆಪಾ ಯಾವತ್ತೂ ಅರ್ಥ ಕೇಳಿದವಳಲ್ಲ.

"ಹೆಂಗಸರ ಮೆಹರ್ ಅವರಿಗೆ ಸಂತೋಷದಿಂದ ಕೊಟ್ಟುಬಿಡಿ ಅಂತ. ಇಷ್ಟೇ. ಎಲ್ಲರೂ ಹೇಳಿ ಒಂದ್ಸಲ."

ಎಂಟು ದನಿ ಒಟ್ಟಿಗೆ ಹೇಳಿದವು. ಮಂಚದ ಮೇಲೆ ಕುಟ್ಟಾಣಿಯ ಸದ್ದು ನಿಂತಿತು.

"ಇನ್ನೊಂದ್ಸಲ. ಮರೀಬಾರ್ದು. ಹ್ಞಾಂ, ಸಾಕು ಇವತ್ತಿಗೆ. ಪುಸ್ತಕ ಮುಚ್ಚಿ."

ಏಳು ಪುಸ್ತಕ ಮುಚ್ಚಿದವು. ಸಿದ್ರಾ ಮುಚ್ಚಲಿಲ್ಲ.

"ಆಪಾ, ಗೋಲ್ ಬಂದಿಲ್ಲ ಇನ್ನೂ."

ವಾಕ್ಯ ಮುಗಿದಲ್ಲಿ ಬರುವ ಪುಟ್ಟ ದುಂಡು ಗುರುತು, ಗೋಲ್. ಅದು ಬರುವ ಮೊದಲು ಓದು ನಿಲ್ಲಿಸಿ ಪುಸ್ತಕ ಮುಚ್ಚಿದವರಿಗೆ ಶಮೀಮ್ ಕಿವಿ ಹಿಂಡುತ್ತಿದ್ದಳು. ಹದಿನೆಂಟು ವರ್ಷದಿಂದ ಅವಳ ಚಾಪೆಯ ಮೊದಲ ಕಾನೂನೇ ಅದು.

"ಗೋಲ್ ಬರೋತನಕ ಬಿಡಬಾರ್ದು ಅಂತ ನೀವೇ ಹೇಳಿದ್ದು," ಎಂದಳು ಸಿದ್ರಾ. "ನಿಮ್ಮ ಬೆರಳಿನ ಅಡಿಗೆ ಇನ್ನೂ ಇದೆ."

ಶಮೀಮ್ ತನ್ನ ಬೆರಳನ್ನೇ ನೋಡಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಎಸ್ತರಮ್ಮನ ಪುಸ್ತಕದ ದಪ್ಪಕ್ಷರದ ತಲೆಬರಹದಂತೆ ಅದು ಅಡ್ಡ ಕೂತಿತ್ತು. ನಿಧಾನವಾಗಿ ತೆಗೆದಳು.

"ಓದು."

ಸಿದ್ರಾ ಗೋಲ್‌ವರೆಗೆ ಓದಿ ತಲೆಯೆತ್ತಿದಳು. "ಇದರದ್ದೂ ಅರ್ಥ ಹೇಳಿ ಆಪಾ."

"ಅವರಾಗಿಯೇ ಮನಸಾರೆ ಅದರಲ್ಲಿ ಏನಾದ್ರೂ ಬಿಟ್ಟುಕೊಟ್ರೆ," ಎಂದಳು ಶಮೀಮ್. "ಬಿಟ್ಟುಕೊಟ್ರೆ, ಗಂಡಸರು ಅನುಭವಿಸ್ಬಹುದು ಅಂತ."

"ಮನಸಾರೆ ಕೊಟ್ಟಿದ್ದು ಅಂತ ಹೆಂಗೆ ಗೊತ್ತಾಗ್ತದೆ ಆಪಾ?"

ಎಂಟು ಜೊತೆ ಕಣ್ಣು ಅವಳ ಮೇಲಿದ್ದವು. ಶಮೀಮ್ ಪುಟದ ಮೇಲೆ ಉತ್ತರ ಹುಡುಕುವವಳಂತೆ ಕಣ್ಣಾಡಿಸಿದಳು. ಅರಬ್ಬಿ ತನ್ನ ಪಾಡಿಗೆ ತಾನಿತ್ತು.

ಮಂಚದ ಕಡೆಯಿಂದ ಅತ್ತೆಯ ದನಿ ಬಂತು. ಬೈಯುವ ದನಿಯಲ್ಲ, ಶಮೀಮ್ ಇಪ್ಪತ್ತಾರು ವರ್ಷದಲ್ಲಿ ಕೇಳಿರದ ದನಿ.

"ಗೊತ್ತಾಗಲ್ಲ ಅಂತ ಹೇಳು ಶಮೀಮ್. ನಗ್ತಾ ಕೊಟ್ಟಾಗ ನನಗೂ ಗೊತ್ತಾಗಿರ್ಲಿಲ್ಲ."